ಹತ್ತು ಟ್ಯೂಬಿನ ರಕ್ತ

ಹತ್ತು ಜನಕ್ಕೂ ಒಂದೇ ದಿನ ಒಂದೇ ಕಾಯಿಲೆ ಬಂತು.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೊಳೆ ಬಟ್ಟೆ ವಿಂಗಡಿಸುವ ಕೋಣೆ ನಮ್ಮದು. ಅಲ್ಲಿ ನಮ್ಮನ್ನು ಗೋಡೆಗೆ ಸಾಲಾಗಿ ನಿಲ್ಲಿಸಿದರು. ರಕ್ತ ಪರೀಕ್ಷೆ ಮಾಡುವ ಲ್ಯಾಬಿನವನು ಹೊಸಿಲಿನ ಆಚೆಯೇ ನಿಂತಿದ್ದ. ಅವನ ಕೈಯಿಂದ ಕಾಗದ ಇಸಕೊಂಡು ಆಡಳಿತಾಧಿಕಾರಿ ಓದಿದ. ಎದುರಿಗೆ ಅವನನ್ನು ಸಾರ್ ಅನ್ನುತ್ತೇವೆ, ಕತೆಯಲ್ಲಿ ಅವನು ಅಂದರೆ ಸಾಕು. ಒಂದು ಕೈಯಲ್ಲಿ ಕಾಗದ, ಇನ್ನೊಂದು ಕೈಯಲ್ಲಿ ಮೂಗಿಗೆ ಕರ್ಚೀಫು. ಒಂದೊಂದು ಹೆಸರಿನ ಮುಂದೆಯೂ ಒಂದೇ ಮಾತು. ಹೆಪಟೈಟಿಸ್ ಸಿ, ಪಾಸಿಟಿವ್. ಹತ್ತು ಸಲ ಅಂದ.

ಮೊದಲನೇ ಹೆಸರಿಗೆ ದೊಡ್ಡಕ್ಕ ಗೋಡೆ ಹಿಡಿದುಕೊಂಡಳು. ನಮ್ಮಲ್ಲಿ ಎಲ್ಲರಿಗಿಂತ ಹಳಬಳು ಅವಳು, ಹತ್ತೊಂಬತ್ತು ವರ್ಷದ ಚಾಕರಿ. ಎರಡನೆಯದಕ್ಕೆ ಯಾರೋ ಅಯ್ಯೋ ಅಂದರು. ನಾಲ್ಕನೆಯದು ಮುಗಿಯುವ ಹೊತ್ತಿಗೆ ಸಾಲಿನಲ್ಲಿ ಅಯ್ಯೋ ನಿಂತುಹೋಯಿತು. ಐದನೆಯದಕ್ಕೆ, ನಾವು ಕೊಕ್ಕರೆ ಅಂತ ಕರೆಯುವವಳು ಉದ್ದ ಕತ್ತು ತಿರುಗಿಸಿ ನನ್ನ ಕಡೆ ನೋಡಿದಳು. ಏಳನೆಯ ಹೊತ್ತಿಗೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಎಡಗೈಯ ನರವನ್ನು ಬಲಗೈಯಿಂದ ಮುಚ್ಚಿಕೊಂಡೆ.

ಆ ಹತ್ತೂ ಟ್ಯೂಬಿನಲ್ಲಿ ಇದ್ದದ್ದು ನನ್ನೊಬ್ಬಳ ರಕ್ತ.

ಇದನ್ನು ಮೋಸ ಅನ್ನುವವರು ಅನ್ನಲಿ. ಮೊದಲು ಕೇಳಿ. ನಾಲ್ಕು ವರ್ಷದ ಹಿಂದೆ ಒಂದು ನಿಯಮ ಬಂತು. ಕೊಳೆ ಬಟ್ಟೆ ಮುಟ್ಟುವವರಿಗೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ. ರಕ್ತ ಹತ್ತು ಪಾಯಿಂಟಿಗಿಂತ ಕಮ್ಮಿ ಇರುವವಳು ಕೆಲಸಕ್ಕೆ ಯೋಗ್ಯಳಲ್ಲ, ಮನೆಗೆ ಹೋಗಲಿ. ನಮ್ಮಲ್ಲಿ ಯಾರಿಗೆ ಹತ್ತಿತ್ತು? ಒಬ್ಬಳಿಗೆ ಎಂಟು, ಒಬ್ಬಳಿಗೆ ಏಳೂವರೆ. ಬೆಳಿಗ್ಗೆ ಆರಕ್ಕೆ ನಿಂತರೆ ಮಧ್ಯಾಹ್ನ ಎರಡಕ್ಕೆ ಕೂರುವ ಹೆಂಗಸರಿಗೆ ರಕ್ತ ಎಲ್ಲಿಂದ ಬರಬೇಕು, ನಲ್ಲಿಯಿಂದಲೇ? ನನಗೆ ಮಾತ್ರ ಹದಿಮೂರು. ಅದೇನು ನನ್ನ ಜಾಣತನವಲ್ಲ, ಹುಟ್ಟುಗುಣ. ಅದಕ್ಕೇ ನನಗೆ ಬೀಟ್‌ರೂಟ್ ಅಂತ ಹೆಸರಿಟ್ಟರು.

ಲ್ಯಾಬಿನವನಿಗೆ ನಮ್ಮ ಕೋಣೆಯ ವಾಸನೆ ಆಗುವುದಿಲ್ಲ. ಹೆಸರು ಅಂಟಿಸಿದ ಹತ್ತು ಟ್ಯೂಬು, ಒಂದಿಷ್ಟು ಸೂಜಿ ಹೊಸಿಲ ಮೇಲೆ ಇಟ್ಟು, "ನೀವೇ ಎಳೆದಿಡಿ, ಹನ್ನೊಂದಕ್ಕೆ ಬರ್ತೀನಿ" ಅಂತ ಹೋಗುತ್ತಿದ್ದ. ಕೊಕ್ಕರೆ ಮುಂಚೆ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದವಳು, ರಕ್ತ ತೆಗೆಯಲು ಬರುತ್ತಿತ್ತು. ಇಪ್ಪತ್ತು ಎಂಎಲ್ಲಿನ ದಪ್ಪ ಸಿರಿಂಜು. ನನಗೆ ಒಂದು ಸಲ ಚುಚ್ಚುವುದು, ತುಂಬ ಎಳೆಯುವುದು, ಟ್ಯೂಬಿಗೆ ಎರಡೆರಡು ಎಂಎಲ್ ಬಿಡುವುದು, ಸಿರಿಂಜು ಕೆಂಪು ಡಬ್ಬಿಗೆ ಎಸೆಯುವುದು. ಆ ಸೂಜಿ ಬೇರೆ ಯಾರ ತೋಳನ್ನೂ ಮುಟ್ಟಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಆ ದಿನ ಎಲ್ಲರ ಡಬ್ಬಿಯಿಂದಲೂ ನನಗೆ ಒಂದೊಂದು ತುತ್ತು. ಮದುಮಗಳು ನನ್ನ ಕಾಲು ಒತ್ತುತ್ತಿದ್ದಳು. ಅವಳಿಗೆ ಮದುವೆಯಾಗಿ ಆರು ವರ್ಷವಾಯಿತು, ಆದರೂ ಬಂದ ದಿನ ಇಟ್ಟ ಹೆಸರು ಹೋಗಿಲ್ಲ. ಮೊದಲ ವರ್ಷದ ರಿಪೋರ್ಟಿನಲ್ಲಿ ಹತ್ತು ಜನಕ್ಕೂ ಹದಿಮೂರು ಪಾಯಿಂಟ್ ಎರಡು. ಮರುವರ್ಷ ಹತ್ತು ಜನಕ್ಕೂ ಹನ್ನೆರಡು ಪಾಯಿಂಟ್ ಒಂಬತ್ತು. ಒಂದು ನರಪಿಳ್ಳೆಯೂ ಹುಬ್ಬೇರಿಸಲಿಲ್ಲ. ಓದಿದ್ದರೆ ತಾನೆ ಹುಬ್ಬೇರಿಸುವುದು? ಅದೇ ರಕ್ತದಲ್ಲಿ ಬೇರೆ ಕಾಯಿಲೆಗಳನ್ನೂ ನೋಡುತ್ತಾರೆ ಅನ್ನುವುದು ನಮಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿದ್ದದ್ದು ಪಾಯಿಂಟು ಮಾತ್ರ.

"ಮುಂದಿನ ಸೋಮವಾರದಿಂದ ಹತ್ತು ಜನವೂ ಬರೋದು ಬೇಡ" ಅಂದ ಆಡಳಿತಾಧಿಕಾರಿ. "ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದೀವಿ ಅಂತ ಒಂದು ಕಾಗದಕ್ಕೆ ಸಹಿ ಹಾಕಿ. ಯಾರ ಹತ್ರಾನೂ ಮಾತಾಡ್ಬೇಡಿ."

ಅವನು ಹೋದ. ಮೇಲಿನ ಮಹಡಿಗಳಿಂದ ಬಟ್ಟೆ ಜಾರಿ ಬರುವ ತಗಡಿನ ಕೊಳವೆಯಲ್ಲಿ ಒಂದು ಚೀಲ ದಬ್ಬೆಂದು ಬಿತ್ತು. ಮದುಮಗಳು ಮೆಲ್ಲಗೆ ಕೇಳಿದಳು:

"ಹಂಗಾದ್ರೆ ಇದು ನಮಗಲ್ಲ, ಅಲ್ವಾ? ಬರೀ ಬೀಟ್‌ರೂಟಕ್ಕಂಗೆ."

ಅವಳ ಮುಖದಲ್ಲಿ ನಗು ಬಂದೇಬಿಟ್ಟಿತು. ತಡೆದುಕೊಂಡಳು, ಆದರೆ ನಾನು ನೋಡಿದೆ. ಬೇರೆಯವರ ಮುಖದಲ್ಲೂ ಅದೇ. ಬದುಕಿದೆವು ಅನ್ನುವ ಉಸಿರು. ನಾನು ಅವರ ಜಾಗದಲ್ಲಿ ಇದ್ದಿದ್ದರೆ ನನಗೂ ಅದೇ ನಗು ಬರುತ್ತಿತ್ತು. ಊಟದ ಹೊತ್ತಿಗೆ ನನ್ನ ಪಕ್ಕದ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ದೊಡ್ಡಕ್ಕ ಒಬ್ಬಳು ಬಂದು ಕೂತಳು. ಡಬ್ಬಿ ತೆಗೆದಳು.

ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು. ಎಂಟು ತಿಂಗಳ ಹಿಂದೆ, ಬೆಳಿಗ್ಗೆ ಏಳೂಕಾಲು. ನಮ್ಮ ಕೆಲಸ ಹೇಗೆಂದರೆ, ಚೀಲ ಬಿಚ್ಚಬೇಕು, ಒಂದೊಂದೇ ಬಟ್ಟೆ ಕೊಡವಬೇಕು, ಹಸಿರು ಆಪರೇಷನ್ನಿನದು, ಬಿಳಿ ವಾರ್ಡಿನದು, ನೀಲಿ ಡಯಾಲಿಸಿಸ್ಸಿನದು ಅಂತ ಬೇರೆ ಬೇರೆ ಡಬ್ಬಕ್ಕೆ ಹಾಕಬೇಕು. ಕೊಡವದೆ ಯಂತ್ರಕ್ಕೆ ಹಾಕಿದರೆ ಯಂತ್ರ ಕೆಡುತ್ತದೆ. ಯಂತ್ರ ಕೆಟ್ಟರೆ ಮೇಲಿಂದ ಹತ್ತು ಜನ ಓಡಿಬರುತ್ತಾರೆ. ಹೇಲು, ಕೀವು, ಹೆಪ್ಪುಗಟ್ಟಿದ ರಕ್ತ, ಬ್ಲೇಡು, ಕಟ್ಟಿಸಿದ ಹಲ್ಲು, ಒಮ್ಮೆ ಕಾಲಿನ ಕಿರುಬೆರಳು, ಎಲ್ಲ ಬರುತ್ತಿತ್ತು. ಗ್ಲೌಸು ಈರುಳ್ಳಿ ಸಿಪ್ಪೆಯಂಥದು, ಬೆಳಿಗ್ಗೆ ಎಂಟು ಹೊಡೆಯುವುದರೊಳಗೆ ಹರಿದುಹೋಗುತ್ತಿತ್ತು. ಆ ದಿನ ನೀಲಿ ಹೊದಿಕೆಯೊಳಗೆ ಸೂಜಿಯಿತ್ತು. ಕಿಡ್ನಿ ಕೆಟ್ಟವರ ರಕ್ತವನ್ನು ಯಂತ್ರಕ್ಕೆ ಬಿಟ್ಟು ತೊಳೆಯುತ್ತಾರಲ್ಲ, ಆ ವಾರ್ಡಿನ ದಪ್ಪ ಸೂಜಿ. ಹೆಬ್ಬೆರಳಿನ ಬುಡಕ್ಕೆ ಇಳಿಯಿತು.

ಹಿಂಡಿದೆ. ಬ್ಲೀಚಿನಲ್ಲಿ ಅದ್ದಿದೆ. ಉರಿ ತಲೆಗೇರಿತು. ಬಟ್ಟೆ ಸುತ್ತಿಕೊಂಡು ಮುಂದಿನ ಚೀಲ ಬಿಚ್ಚಿದೆ. ಹೇಳಬೇಕಿತ್ತು ಅನ್ನುತ್ತೀರಿ. ಯಾರಿಗೆ ಹೇಳುವುದು? ಹದಿಮೂರು ವರ್ಷದ ಹಿಂದೆ ಇಲ್ಲಿದ್ದ ಒಬ್ಬಳು ಹೇಳಿದ್ದಳು. 'ನಿನಗೆ ಕಣ್ಣಿಲ್ವಾ, ಜಾಗ್ರತೆ ಇಲ್ದೋರು ಇಲ್ಲಿಗೆ ಬೇಡ' ಅಂತ ಮೂರನೇ ದಿನ ಕಳಿಸಿದರು. ಅಂದಿನಿಂದ ಚುಚ್ಚಿದರೆ ನಾವು ನಾವೇ ನೋಡಿಕೊಳ್ಳುತ್ತೇವೆ. ಹೊರಗೆ ಗೊತ್ತಾಗುವುದಿಲ್ಲ. ಆಸ್ಪತ್ರೆಯ ಪುಸ್ತಕದಲ್ಲಿ ಹದಿಮೂರು ವರ್ಷದಿಂದ ನಮ್ಮ ಕೋಣೆಯಲ್ಲಿ ಯಾರಿಗೂ ಏನೂ ಆಗಿಲ್ಲ.

ಮನೆಗೆ ಹೋದೆ. ಮನೆಯವರದು ಕ್ಷೌರದಂಗಡಿ, ಮನೆಯ ಮುಂದಿನ ಕೋಣೆಯಲ್ಲೇ. ಗಿರಾಕಿ ಎದ್ದು ಹೋಗುವ ತನಕ ಕಾದು, ಬಾಗಿಲು ಎಳೆದುಕೊಂಡು ಹೇಳಿದೆ. ಅವರು ಕೈಯಲ್ಲಿದ್ದ ಕತ್ತಿಯನ್ನು ನೋಡಿಕೊಂಡರು.

"ನನ್ನಿಂದ ಅಲ್ಲ ತಾನೆ?" ಅಂದರು. "ಈ ಬ್ಲೇಡು ಗೀಡು ಅಂತ..."

"ನಿಮ್ಮಿಂದ ಅಲ್ಲ ರೀ. ಸೂಜಿ ಚುಚ್ಚಿತ್ತು."

"ಯಾವಾಗ?"

ಹೇಳಿದೆ. ಎಂಟು ತಿಂಗಳು ಮುಚ್ಚಿಟ್ಟಿದ್ದಕ್ಕೆ ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ. ಸ್ಟೂಲಿನ ಮೇಲೆ ಕೂತುಬಿಟ್ಟರು. ಮಾರನೇ ದಿನ ಅಂಗಡಿ ಮುಚ್ಚಿ ಹೋಗಿ ತಮ್ಮ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದರು. ಏನೂ ಇರಲಿಲ್ಲ. ಅಂಗಡಿ ಮಾತ್ರ ಮತ್ತೂ ಎರಡು ದಿನ ತೆರೆಯಲಿಲ್ಲ, ಕತ್ತಿ ಹಿಡಿಯಲು ಆಗುತ್ತಿಲ್ಲ ಅಂದರು.

ಅತ್ತೆ ನನ್ನ ಲೋಟ, ತಟ್ಟೆ ಬೇರೆ ಇಟ್ಟರು. ಉಂಡರೆ ತಿಂದರೆ ಬರುವ ಕಾಯಿಲೆ ಅಲ್ಲ, ರಕ್ತದಿಂದ ರಕ್ತಕ್ಕೆ ಮಾತ್ರ ಅಂತ ಹೇಳಿದೆ. "ಇರಬಹುದಮ್ಮ, ಆದ್ರೆ ನಂಗೆ ವಯಸ್ಸಾಗಿದೆ" ಅಂದರು. ಸಂಜೆ ಮಗಳು ಬಿದ್ದು ಮಂಡಿ ತರಚಿಕೊಂಡು ಬಂದಳು. ಎಂಟು ವರ್ಷದವಳು. ಎತ್ತಿ ಕೂರಿಸಿ ತೊಳೆಯಲು ಕೈ ಚಾಚಿದೆ. ಬ್ಲೀಚಿಗೆ ಒಡೆದ ನನ್ನ ಬೆರಳು ಕಂಡವು. ಸಂದಿನಲ್ಲಿ ಕೆಂಪಗೆ ಹಸಿಯಿತ್ತು. ಕೈ ಅಲ್ಲೇ ನಿಂತಿತು. ಅವಳು ಮಂಡಿ ಮುಂದೆ ಚಾಚಿಕೊಂಡು ಅಳುತ್ತಿದ್ದಾಳೆ, ನಾನು ಎರಡು ಹೆಜ್ಜೆ ದೂರ ನಿಂತು, "ನೀನೇ ನೀರು ಹಾಕ್ಕೋ, ಪುಟ್ಟಿ, ನೀನೇ ಹಾಕ್ಕೋ" ಅನ್ನುತ್ತಿದ್ದೇನೆ. ಅವಳಿಗೆ ಅರ್ಥವಾಗಲಿಲ್ಲ. ನನ್ನನ್ನು ನೋಡಿ ಇನ್ನೂ ಜೋರಾಗಿ ಅತ್ತಳು. ಸಾವಿಗಿಂತ ಹೆಚ್ಚು ನಾನು ಹೆದರಿದ್ದು ಆವತ್ತು.

ನಾನು ಸುಮ್ಮನಿದ್ದರೆ ಹತ್ತು ಮನೆಯ ಒಲೆ ಆರುತ್ತದೆ. ಹೇಳಿದರೆ ನನ್ನೊಬ್ಬಳದು. ಮರುದಿನ ಮೆಟ್ಟಿಲು ಹತ್ತಿ ಆಡಳಿತಾಧಿಕಾರಿಯ ಕೋಣೆಗೆ ಹೋದೆ. ಚಪ್ಪಲಿ ಹೊರಗೆ ಬಿಡು ಅಂದ ಜವಾನ. ಬಿಟ್ಟೆ. ನೆಲ ತಣ್ಣಗಿತ್ತು. ನಿಂತೇ ಹೇಳಿದೆ, ಎಲ್ಲವನ್ನೂ, ಸಿರಿಂಜು, ಟ್ಯೂಬು, ನಾಲ್ಕು ವರ್ಷ.

ಅವನು ಬಯ್ಯಲು ಶುರು ಮಾಡಿದ. ಕಳ್ಳಿಯರು, ಆಸ್ಪತ್ರೆಗೆ ಮೋಸ, ಪೊಲೀಸು ಅಂತೆಲ್ಲ. ಬಯ್ಯುತ್ತಾ ಬಯ್ಯುತ್ತಾ ಅವನ ಮುಖ ಸಡಿಲವಾಗುತ್ತಾ ಬಂತು.

"ಅಂದ್ರೆ ಕಾಯಿಲೆ ಇರೋದು ನಿನಗೊಬ್ಬಳಿಗೆ?"

"ಹೌದು ಸಾರ್."

"ಗಂಡ ಏನ್ ಕೆಲ್ಸ?"

"ಕ್ಷೌರ, ಸಾರ್."

ಅವನು ಪೆನ್ನು ಕೆಳಗಿಟ್ಟ. ನಕ್ಕ. ಕಳೆದುಹೋದ ಬೀಗದ ಕೈ ಜೇಬಿನಲ್ಲೇ ಸಿಕ್ಕ ಹಾಗೆ ನಕ್ಕ.

"ನೋಡು ಮತ್ತೆ. ಮನೇಲೇ ಬ್ಲೇಡ್ ಇಟ್ಕೊಂಡು ಆಸ್ಪತ್ರೆ ಮೇಲೆ ಹಾಕ್ತೀಯಾ?"

"ಅವರ ರಕ್ತ ನೋಡ್ಸಿದೀವಿ ಸಾರ್. ಏನೂ ಇಲ್ಲ."

ಅದು ಅವನ ಕಿವಿಗೆ ಬೀಳಲಿಲ್ಲ. ಉಳಿದ ಒಂಬತ್ತು ಜನ ಲ್ಯಾಬಿಗೇ ಬಂದು, ಎದುರಿಗೆ ಕೂತು ರಕ್ತ ಕೊಡಲಿ, ಸರಿಯಿದ್ದವರು ಕೆಲಸಕ್ಕೆ ಇರಲಿ, ಪಾಯಿಂಟು ಕಮ್ಮಿ ಇದ್ದರೂ ಈ ಸಲ ನೋಡೋಣ ಅಂದ. ದೊಡ್ಡ ಮನಸ್ಸು ಮಾಡಿದವನ ಹಾಗೆ ಕೈಯಾಡಿಸಿದ. ನಾನು ಕೆಳಗೆ ಹೋಗಿ ಹೇಳಿದೆ. ಮದುಮಗಳು ನನ್ನ ಕೈ ಹಿಡಿಯಲು ಬಂದವಳು, ನೆನಪಾಗಿ, ಮೊಣಕೈ ಹಿಡಿದು ಅತ್ತಳು.

ಮಾರನೇ ದಿನವೇ ರಿಪೋರ್ಟು ಬಂತು. ಆರು ಜನಕ್ಕೆ ಇಲ್ಲ. ಮೂರು ಜನಕ್ಕೆ ಇದೆ. ಒಬ್ಬಳು ಕೊಕ್ಕರೆ. ಒಬ್ಬಳು ಮದುಮಗಳು. ಮತ್ತೊಬ್ಬಳು ದೊಡ್ಡಕ್ಕ.

ಮದುಮಗಳು ಕಾಗದವನ್ನು ತಿರುವಿ ತಿರುವಿ ನೋಡಿದಳು, ಹಿಂದೆ ಬೇರೆ ಹೆಸರಿದೆಯೇನೋ ಅನ್ನುವ ಹಾಗೆ. "ನಂಗೆ ಮೂರು ಸಲ ಚುಚ್ಚಿತ್ತು" ಅಂದಳು. "ನಾನು ಯಾರಿಗೂ ಹೇಳಿಲ್ಲ." ಕೊಕ್ಕರೆ ತನಗೆ ಎಷ್ಟು ಸಲ ಅಂತ ಲೆಕ್ಕವೇ ಇಟ್ಟಿಲ್ಲ ಅಂದಳು.

ದೊಡ್ಡಕ್ಕನಿಗೆ ಸ್ಕ್ಯಾನ್ ಮಾಡಿದರು. ಲಿವರ್ ಗಟ್ಟಿಯಾಗಿ ಗಂಟುಗಂಟಾಗಿದೆ ಅಂದರು. ಎರಡನೇ ಮಹಡಿಯ ಸಿಸ್ಟರ್ ಒಬ್ಬಳು ನನ್ನನ್ನು ಮೆಟ್ಟಿಲ ಮೂಲೆಗೆ ಕರೆದು ಬಿಡಿಸಿ ಹೇಳಿದಳು. ಈ ಕಾಯಿಲೆ ಸದ್ದಿಲ್ಲದೆ ಲಿವರ್ ತಿನ್ನುತ್ತದೆ, ಹದಿನೈದು ಇಪ್ಪತ್ತು ವರ್ಷ ತಿನ್ನುತ್ತದೆ. ಹನ್ನೆರಡು ವಾರ ಮಾತ್ರೆ ತಗೊಂಡರೆ ಸಾಮಾನ್ಯವಾಗಿ ಪೂರ್ತಿ ಹೋಗುತ್ತದೆ. ನಿನಗೆ, ಆ ಹುಡುಗಿಗೆ, ಕೊಕ್ಕರೆಗೆ ಇನ್ನೂ ಟೈಮಿದೆ. ದೊಡ್ಡಕ್ಕನಿಗೆ ಕಾಯಿಲೆ ಹೋದರೂ ಹೋದ ಲಿವರ್ ಬರುವುದಿಲ್ಲ. ಇನ್ನು ನಾಲ್ಕೈದು ವರ್ಷ ಮುಂಚೆ ಗೊತ್ತಾಗಿದ್ದರೆ ಚೆನ್ನಾಗಿತ್ತು.

ನಾಲ್ಕೈದು ವರ್ಷ ಮುಂಚೆ. ಅವಳು ಸುಮ್ಮನೆ ಅಂದ ಮಾತು. ನಾಲ್ಕು ವರ್ಷದಿಂದ ದೊಡ್ಡಕ್ಕನ ಹೆಸರಿನ ಟ್ಯೂಬಿನಲ್ಲಿ ನನ್ನ ರಕ್ತ ಕೂತು, ಇವಳು ಗಟ್ಟಿಮುಟ್ಟಾಗಿದ್ದಾಳೆ, ಇವಳಿಗೆ ಏನೂ ಇಲ್ಲ ಅಂತ ಹೇಳುತ್ತಾ ಬಂದಿತ್ತು. ಉಪಕಾರ ಮಾಡಿದೆ ಅಂತ ಬೀಗಿದ್ದೆ. ಆ ದಿನದ ತುತ್ತುಗಳನ್ನು ಚಪ್ಪರಿಸಿ ತಿಂದಿದ್ದೆ.

ದೊಡ್ಡಕ್ಕ ಒದ್ದೆ ಬಟ್ಟೆಯ ಡಬ್ಬದ ಪಕ್ಕ ಕೂತಿದ್ದಳು. ಕಾಲು ಊದಿದ್ದವು. ಇಷ್ಟು ದಿನ ನಿಂತು ನಿಂತು ಊದಿದೆ ಅಂದುಕೊಂಡಿದ್ದೆವು.

"ದೊಡ್ಡಕ್ಕ, ನಾನು..."

"ಗೊತ್ತು ಬಿಡು."

"ನನ್ನಿಂದ ಆಯ್ತು."

"ನಿನ್ ಮೇಲೆ ಸಿಟ್ಟು ಬರಲ್ಲ ಅಂದ್ರೆ ಸುಳ್ಳಾಗುತ್ತೆ. ಬಂದಿದೆ. ಮೈಯೆಲ್ಲಾ ಬಂದಿದೆ." ಅವಳು ಉಸಿರು ತಗೊಂಡಳು. "ಆದ್ರೆ ಆವಾಗ್ಲೇ ಗೊತ್ತಾಗಿದ್ರೆ ಆವಾಗ್ಲೇ ಆಚೆ ಹಾಕ್ತಿದ್ರು. ಮಾತ್ರೆ ಯಾವನು ಕೊಡ್ತಿದ್ದ? ನಾಲ್ಕು ವರ್ಷ ಉಂಡಿದೀನಲ್ಲ, ಅದು ನಿನ್ ರಕ್ತಾನೇ. ಯಾವುದು ವಾಸಿ ಅಂತ ನಂಗೆ ಗೊತ್ತಿಲ್ಲ. ನನ್ನ ಕೇಳ್ಬೇಡ."

ಅವಳು ಎದ್ದು ಮತ್ತೆ ಚೀಲಕ್ಕೆ ಕೈ ಹಾಕಿದಳು. ಸೋಮವಾರದ ತನಕ ಕೆಲಸ ಇತ್ತಲ್ಲ.

ಶುಕ್ರವಾರ ಅವನು ನನ್ನನ್ನು ಮಾತ್ರ ಕರೆಸಿದ. ಈ ಸಲ ಕೂರು ಅಂದ. ಆಗಲೇ ನನಗೆ ಭಯವಾಯಿತು. ಅಂಥ ಕೋಣೆಗಳಲ್ಲಿ ನಮ್ಮಂಥವರಿಗೆ ಕುರ್ಚಿ ಕೊಟ್ಟರೆ ಏನೋ ಕಿತ್ತುಕೊಳ್ಳುವುದಿದೆ ಅಂತಲೇ ಅರ್ಥ. ಮೇಜಿನ ಮೇಲೆ ಒಂದು ಟೈಪು ಮಾಡಿದ ಕಾಗದ, ಅದರ ಪಕ್ಕ ಮಾತ್ರೆಯ ಒಂದು ಸಣ್ಣ ಡಬ್ಬಿ. ಡಬ್ಬಿಯನ್ನು ನನ್ನ ಕಡೆಗೆ ತಿರುಗಿಸಿಟ್ಟಿದ್ದ.

"ಇದು ಮೊದಲನೇ ತಿಂಗಳಿಂದು. ಹೀಗೆ ಮೂರು. ಆಸ್ಪತ್ರೆಯಿಂದಲೇ ಕೊಡ್ತೀವಿ. ಆಮೇಲೆ ತೋಟದಲ್ಲಿ ಕೆಲ್ಸ, ಸೂಜಿ ಗೀಜಿ ರಗಳೆ ಇಲ್ಲ. ನೀನು ಒಳ್ಳೇವಳು, ನೀನಾಗೇ ಬಂದು ಹೇಳಿದೆ."

ಆಮೇಲೆ ಕಾಗದ ಓದಿದ. ಕಳೆದ ನಾಲ್ಕು ವರ್ಷದ ರಿಪೋರ್ಟಿನ ಪ್ರಕಾರ ಈ ಹೆಂಗಸರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಆಸ್ಪತ್ರೆಗೆ ಮೋಸ ಮಾಡಲು ಇವರು ಕದ್ದುಮುಚ್ಚಿ ತಾವೇ ರಕ್ತ ತೆಗೆದುಕೊಂಡರು. ಒಂದೇ ಸೂಜಿಯನ್ನು ಎಲ್ಲರಿಗೂ ಬಳಸಿದರು. ಹಾಗಾಗಿ ಹೊರಗಿನಿಂದ ಒಬ್ಬಳು ತಂದ ಕಾಯಿಲೆ ಉಳಿದವರಿಗೆ ಹರಡಿತು. ಕೆಳಗೆ ಸಹಿ ಮಾಡಿದ ನಾನೇ ಅದಕ್ಕೆ ಸಾಕ್ಷಿ.

ನಾನು ಕುರ್ಚಿಯಿಂದ ಎದ್ದೆ.

"ಸಾರ್, ಆ ಸೂಜಿ ನನಗೊಬ್ಬಳಿಗೇ ಚುಚ್ಚಿದ್ದು. ಬೇರೆ ಯಾರಿಗೂ ಮುಟ್ಸಿಲ್ಲ."

"ಯಾರು ನೋಡಿದಾರೆ?"

"ಆ ನಾಲ್ಕು ವರ್ಷದ ರಿಪೋರ್ಟೂ ನನ್ನ ರಕ್ತದ್ದೇ ಸಾರ್. ಅವರದಲ್ಲ. ದೊಡ್ಡಕ್ಕಂದು ಹದಿನೈದು ವರ್ಷದಷ್ಟು ಹಳೇ ಕಾಯಿಲೆ ಅಂತ ಸ್ಕ್ಯಾನ್ ನೋಡಿದ್ರೇ ಗೊತ್ತಾಗುತ್ತೆ."

"ಹೆಸರು ಯಾರದಿದೆಯೋ ರಕ್ತ ಅವರದು. ಕಾಗದಕ್ಕೆ ಗೊತ್ತಿರೋದು ಅಷ್ಟೇ."

"ಹತ್ತು ಜನಕ್ಕೂ ಒಂದೇ ಪಾಯಿಂಟ್ ಇತ್ತಲ್ಲ ಸಾರ್, ಪ್ರತಿ ವರ್ಷ. ಆಗ ಯಾರು ಓದಿದ್ರು?"

ಅವನ ಮುಖ ಬಿಗಿಯಾಯಿತು. "ನಾಳೆ ಹತ್ತು ಗಂಟೆವರೆಗೂ ಟೈಮ್ ಕೊಡ್ತೀನಿ. ಆ ಮೂರು ಜನದ ಗತಿ ಹೇಗೂ ಮುಗೀತು. ನಿನ್ನ ಮಗಳನ್ನ ನೋಡ್ಕೋ."

ನನಗೊಬ್ಬ ಮಗಳಿದ್ದಾಳೆ ಅಂತ ಅವನು ತಿಳಿದುಕೊಂಡಿದ್ದ.

ಸತ್ಯ ಹೇಳುತ್ತೇನೆ. ನನಗೆ ಸಹಿ ಹಾಕಬೇಕು ಅನ್ನಿಸಿತು. ದಾರಿಯುದ್ದಕ್ಕೂ ಆ ಡಬ್ಬಿಯೇ ಕಣ್ಣ ಮುಂದೆ. ಅಂಗೈಯಷ್ಟು ಡಬ್ಬಿ. ಅದು ಹೊಟ್ಟೆಗೆ ಹೋದರೆ ನಾನು ಮಗಳ ಮಂಡಿ ತೊಳೆಯಬಹುದು. ಇಲ್ಲದಿದ್ದರೆ ದೊಡ್ಡಕ್ಕನ ಕಾಲಿನ ಹಾಗೆ ನನ್ನ ಕಾಲು ಊದುವುದನ್ನು ವರ್ಷ ವರ್ಷ ನೋಡುತ್ತಾ ಕೂರಬೇಕು. ಹೊರಗಿನ ಅಂಗಡಿಯಲ್ಲಿ ಆ ಮಾತ್ರೆ ನಮ್ಮ ಕೈಗೆ ಎಟುಕುವುದಲ್ಲ, ಮನೆಯವರು ಆಗಲೇ ವಿಚಾರಿಸಿದ್ದರು.

"ಹಾಕು" ಅಂದರು ಮನೆಯವರು. "ಸಹಿ ಹಾಕಿಬಿಡು."

"ಆ ಮೂವರು?"

"ನಂಗೆ ಆ ಮೂವರು ಬೇಡ. ನೀನು ಬೇಕು." ಹನ್ನೊಂದು ವರ್ಷದಲ್ಲಿ ಅವರು ಅಂಥ ಮಾತು ಆಡಿದವರಲ್ಲ. ಹೇಳಿ ಆ ಕಡೆ ತಿರುಗಿ ಬಾಚಣಿಗೆಗಳನ್ನು ಒರೆಸುತ್ತಾ ನಿಂತರು. "ಬೇಕಾದ್ರೆ ನನ್ನ ಬ್ಲೇಡಿಂದ ಬಂತು ಅಂತಾನೂ ಬರ್ಕೊಳ್ಲಿ. ಅಂಗಡಿ ಹೋದ್ರೆ ಹೋಗ್ಲಿ."

ಬೆಳಿಗ್ಗೆ ನೆಲಮಾಳಿಗೆಯ ನಮ್ಮ ಕೋಣೆಗೆ ಹೋದದ್ದು ಸಹಿ ಹಾಕುತ್ತೇನೆ ಅಂತ ಹೇಳುವುದಕ್ಕೇ. ಬೆನ್ನ ಹಿಂದೆ ಮಾಡುವುದು ಬೇಡ, ಎದುರಿಗೆ ಹೇಳಿ ಬಯ್ಯಿಸಿಕೊಳ್ಳೋಣ ಅಂತ. ಬಾಗಿಲಲ್ಲಿ ನಿಂತೆ. ಒಳಗೆ ನಾಲ್ಕು ಹೊಸ ಮುಖಗಳಿದ್ದವು. ಸೋಮವಾರದಿಂದ ನಮ್ಮ ನಾಲ್ವರ ಜಾಗಕ್ಕೆ ಬರುವವರು, ಕೆಲಸ ಕಲಿಯಲು ಕಳಿಸಿದ್ದರು. ಕಲಿಸುತ್ತಿದ್ದವಳು ದೊಡ್ಡಕ್ಕ. ಊದಿದ ಕಾಲಿನ ಮೇಲೆ ನಿಂತು, ತನ್ನ ಅನ್ನವನ್ನು ತಾನೇ ಎತ್ತಿ ಬಡಿಸುವ ಹಾಗೆ ಕಲಿಸುತ್ತಿದ್ದಳು. ಚೀಲದ ಬಾಯಿ ಹೀಗೆ ಹಿಡಿ. ಒಂದೇ ಸಲ ಕೈ ಹಾಕ್ಬೇಡ, ಮೊದ್ಲು ಅಂಚು ಎಳಿ. ನೀಲಿ ಬಂದ್ರೆ ದೂರ ಹಿಡಿದು ಕೊಡವು.

ಹೊಸಬಳೊಬ್ಬಳು ಗ್ಲೌಸಿನ ಬೆರಳನ್ನು ಎಳೆದು ನೋಡುತ್ತಿದ್ದಳು. ಇಪ್ಪತ್ತರ ಆಸುಪಾಸು. ಗ್ಲೌಸಿನೊಳಗಿಂದ ಉಗುರಿನ ಬಣ್ಣ ಕಾಣುತ್ತಿತ್ತು.

"ಚುಚ್ಚಿದ್ರೆ ಏನ್ ಮಾಡ್ಬೇಕು ಆಂಟಿ?"

ದೊಡ್ಡಕ್ಕ ತಲೆ ಎತ್ತದೆ ಹೇಳಿದಳು. "ಹಿಂಡಿ ತೊಳ್ಕೋ. ಯಾರಿಗೂ ಹೇಳ್ಬೇಡ."

ನನ್ನ ಮೊದಲನೇ ದಿನ ನನಗೂ ಅವಳು ಹೀಗೇ ಹೇಳಿದ್ದಳು. ಮದುಮಗಳು ಬಂದ ದಿನ ಅವಳಿಗೆ ನಾನು ಹೇಳಿದ್ದೆ. ಅದೇ ಮಾತು, ಅದೇ ದನಿ. ಅಮ್ಮ ಮಗಳಿಗೆ ಹೇಳುವ ಬುದ್ಧಿಮಾತಿನ ಹಾಗೆ. ಮದುಮಗಳು ಮೂರು ಸಲ ಹಿಂಡಿಕೊಂಡು ಮೂರು ಸಲ ಬಾಯಿ ಮುಚ್ಚಿಕೊಂಡಿದ್ದು ನನ್ನ ಮಾತು ಕೇಳಿ.

"ಅದನ್ನ ಹೇಳ್ಬೇಡ ದೊಡ್ಡಕ್ಕ" ಅಂದೆ.

ಅವಳು ನೋಡಿದಳು. ನಾನು ಆ ಕಾಗದದ ವಿಷಯ ಎಲ್ಲವನ್ನೂ ಹೇಳಿದೆ. ಸಹಿ ಹಾಕಲು ಬಂದಿದ್ದೆ ಅಂತಲೂ ಹೇಳಿದೆ. ಕೊಕ್ಕರೆ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡಳು. ಚುಚ್ಚಿದವಳು ಅವಳು, ಕಾಗದದಲ್ಲಿ ಕೊಲೆಗಡುಕಿ ಆಗುವವಳೂ ಅವಳೇ. ಕೊಳವೆಯಿಂದ ಚೀಲವೊಂದು ಬಿತ್ತು. ನೀಲಿ ಪಟ್ಟಿಯ ಚೀಲ. ಕಾಯಿಲೆ ಇಲ್ಲದ ಆರು ಜನರಲ್ಲಿ ಒಬ್ಬಳು ಅಭ್ಯಾಸಬಲದಿಂದ ಅದರ ಗಂಟಿಗೆ ಕೈ ಹಾಕಿದಳು.

"ಬಿಚ್ಚಬೇಡ. ಹಂಗೇ ಇರ್ಲಿ" ಅಂದೆ.

ಚೀಲದ ಒಂದು ಕಿವಿ ನಾನು ಹಿಡಿದೆ, ಇನ್ನೊಂದು ಮದುಮಗಳು. ಈ ಸಲ ಅವಳು ನನ್ನ ಕೈ ನೋಡಿ ಹಿಂಜರಿಯಲಿಲ್ಲ. ನಾವು ಹತ್ತು ಜನವೂ ಲಿಫ್ಟಿನಲ್ಲಿ ಹೋದೆವು, ನಾವು ಹತ್ತಬಾರದ ಲಿಫ್ಟಿನಲ್ಲಿ. ಒಳಗಿದ್ದವರು ಮೂಗು ಮುಚ್ಚಿಕೊಂಡು ಇಳಿದರು. ಈಗಲೂ ವಾಪಸ್ಸು ಹೋಗಬಹುದು, ಈಗಲೂ ಹೋಗಬಹುದು ಅಂತ ಒಂದೊಂದು ಮಹಡಿಗೂ ಅನ್ನಿಸುತ್ತಿತ್ತು. ಜವಾನ ಚಪ್ಪಲಿ ಅಂದ. ಯಾರೂ ಬಿಡಲಿಲ್ಲ.

ಅವನ ಮೇಜಿನ ಮೇಲೆ ಕಾಗದ, ಪೆನ್ನು, ಡಬ್ಬಿ ಸಿದ್ಧವಾಗಿದ್ದವು. ಲ್ಯಾಬಿನವನು ಸಾಕ್ಷಿ ಹಾಕಲು ಬಂದು ಕೂತಿದ್ದ. ನಾವು ಚೀಲವನ್ನು ಮೇಜಿನ ಮುಂದೆ, ಕಾರ್ಪೆಟ್ಟಿನ ಮೇಲೆ ಇಳಿಸಿದೆವು. ತಳ ಒದ್ದೆಯಾಗಿತ್ತು.

"ಏನಿದು? ಯಾರು ತರೋಕೆ ಹೇಳಿದ್ದು? ತೆಗೀರಿ ಆಚೆ."

"ಈ ಬೆಳಿಗ್ಗೆ ಬಂದ ಚೀಲ ಸಾರ್. ಡಯಾಲಿಸಿಸ್ಸಿಂದು." ನನ್ನ ದನಿ ನನಗೇ ಬೇರೆ ಯಾರದೋ ಹಾಗೆ ಕೇಳಿತು. "ಕಾಯಿಲೆ ಇದ್ರಿಂದ ಬಂದಿಲ್ಲ ಅಂತ ನಾನು ಸಹಿ ಹಾಕ್ಬೇಕು, ಅಷ್ಟೇ ಅಲ್ವಾ? ಹಾಕ್ತೀನಿ. ಇದೊಂದು ಚೀಲ ನೀವು ಬಿಚ್ಚಿ ವಿಂಗಡಿಸಿ. ನಾವು ದಿನಾ ನಲವತ್ತು ಮಾಡ್ತೀವಿ, ನೀವು ಒಂದು ಮಾಡಿ."

ಹೊಸಬಳ ಕೈಯಿಂದ ದೊಡ್ಡಕ್ಕ ಗ್ಲೌಸು ಬಿಡಿಸಿಕೊಂಡು ಬಂದಿದ್ದಳು. ಅದನ್ನು ಕಾಗದದ ಮೇಲೆ ಇಟ್ಟಳು.

ಅವನು ನಗಲು ನೋಡಿದ. ಲ್ಯಾಬಿನವನ ಕಡೆ ತಿರುಗಿದ. ಲ್ಯಾಬಿನವನು ಕುರ್ಚಿಯನ್ನು ಗೋಡೆಗೆ ಸರಿಸಿಕೊಂಡಿದ್ದ.

"ತಲೆ ಕೆಟ್ಟಿದ್ಯಾ ನಿನಗೆ? ನಿನ್ನ ಮಾತ್ರೆ ಇಲ್ಲಿದೆ, ನೋಡು."

"ನೋಡ್ದೆ ಸಾರ್. ನಂಗೆ ಬೇಕು ಅದು. ತುಂಬಾ ಬೇಕು." ಅಳು ಬಂತು, ಅಳುತ್ತಲೇ ಹೇಳಿದೆ. "ಅದಕ್ಕೇ ಹೇಳ್ತಿದೀನಿ, ಬಿಚ್ಚಿ. ಸೂಜಿ ಇರಲ್ಲ ಅಂತೀರಲ್ಲ. ಬಿಚ್ಚಿ, ಸಾರ್."

ಮೇಜಿನ ಮೇಲಿದ್ದ ಅವನ ಎರಡೂ ಕೈ ಮೆಲ್ಲಗೆ ಹಿಂದಕ್ಕೆ ಸರಿದು ತೊಡೆಯ ಮೇಲೆ ಹೋದವು. ಕುರ್ಚಿಯ ಗಾಲಿ ಕಿರ್ ಅಂದಿತು. ಮೊದಲು ಒಂದು ಗೇಣು, ಆಮೇಲೆ ಒಂದು ಮೊಳ, ಅವನು ಚೀಲದಿಂದ ಹಿಂದಕ್ಕೆ ಹೋದ. ಕಿಟಕಿಗೆ ತಗುಲಿ ನಿಂತ.

ನನ್ನ ಭಯ ಎಲ್ಲಿಗೂ ಹೋಗಿರಲಿಲ್ಲ. ಮಾತ್ರೆಯ ಡಬ್ಬಿ ಅಲ್ಲೇ ಇತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನಾನು ಚಾಚಲಿಲ್ಲ. ಹತ್ತೂ ಜನ ಈಚೆ ಬಂದೆವು. ಹಿಂದಿನಿಂದ ಅವನು ಕೂಗುತ್ತಿದ್ದ, ಚೀಲ ತಗೊಂಡು ಹೋಗಿ, ಯಾರಾದ್ರೂ ಬಂದು ಈ ಚೀಲ ತಗೊಂಡು ಹೋಗಿ ಅಂತ. ಜವಾನ ಒಳಗೆ ಇಣುಕಿ ಹಾಗೇ ನಿಂತ. ಆ ಆಸ್ಪತ್ರೆಯಲ್ಲಿ ಅದನ್ನು ಎತ್ತುವವರು ನಾವು ಹತ್ತು ಜನ ಮಾತ್ರ. ನಾವು ಎತ್ತಲಿಲ್ಲ.